ಟೀಚರ್ ಹತ್ತಿರ ಕೇಳಿ: ಕೊಡಗನ್ನೇ ಕಾಣದ ಕೊಡಗಿನ ರಾಜಕುಮಾರಿ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಮಡಿಕೇರಿಯ ಗದ್ದಿಗೆಯಲ್ಲಿ ಯಾರ‍್ಯಾರ ಸಮಾಧಿ ಇದೆ ಎಂದು ಕೇಳಿದ್ದರು. ದೊಡ್ಡವೀರರಾಜೇಂದ್ರ, ಅವನ ರಾಣಿ ಮಹಾದೇವಮ್ಮಾಜಿ, ಲಿಂಗರಾಜೇಂದ್ರ ಎಂದೆಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ದೆ. ಇದೇ ಮನೆತನದ ಗೌರಮ್ಮ ಎಂಬ ಹುಡುಗಿಯ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ ಅಂತ. ರಾಜರುಗಳ ಬಗ್ಗೆ ಯಾರೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬಗ್ಗೆಯೇ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳಿಗೆ ರಜೆ.

ಟೀಚರ್, ಗೌರಮ್ಮ ಕೊಡಗಿನ ರಾಜಕುಮಾರಿ ಅಂತ ಬರೆದಿದ್ದೀರಿ. ನಾನು ಮೊಬೈಲಿನಲ್ಲಿ ಹುಡುಕಿದರೆ ಕಾಶಿಯಲ್ಲಿ ಹುಟ್ಟಿದಳು ಅಂತ ಬರುತ್ತದೆ. ಯಾವುದು ಸರಿ?
— ಪಿಯುಸಿ ವಿದ್ಯಾರ್ಥಿನಿ, ಕುಶಾಲನಗರ

ಎರಡೂ ಸರಿ ಕಣಮ್ಮ. ಕೊಡಗನ್ನು ಆಳಿದ್ದು ಹಾಲೇರಿ ಮನೆತನ. ಲಿಂಗಾಯತರು. ಕಡೆಯ ರಾಜ ಚಿಕ್ಕವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದ. 1834ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡು ಮಡಿಕೇರಿಗೆ ಬಂತು. ಅದೇ ತಿಂಗಳು ರಾಜನನ್ನು ಪರಿವಾರದ ಸಮೇತ ಊರು ಬಿಡಿಸಿದರು. ಮೊದಲು ವೆಲ್ಲೂರಿನಲ್ಲಿ ಇಟ್ಟರು, ಆಮೇಲೆ ಕಾಶಿಗೆ ಕಳಿಸಿದರು. ಅವನ ಮಗಳು ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರ ಜುಲೈ 4ರಂದು. ಅಂದರೆ ರಾಜ್ಯ ಹೋಗಿ ಏಳು ವರ್ಷ ಆದ ಮೇಲೆ. ಆಗ ಅಪ್ಪನ ಹತ್ತಿರ ಇದ್ದದ್ದು ಪಿಂಚಣಿ, ಒಂದಷ್ಟು ಒಡವೆ, ಮನೆ ತುಂಬ ಜನ.

ಹನ್ನೊಂದನೇ ವಯಸ್ಸಿಗೆ ಕಾಶಿಯಿಂದ ಸೀದಾ ಲಂಡನ್ನಿಗೆ ಹೋದಳು. ಅಲ್ಲಿಂದ ತಿರುಗಿ ಬರಲಿಲ್ಲ. ಕಾವೇರಿ, ತಲಕಾವೇರಿ, ಓಂಕಾರೇಶ್ವರ ಯಾವುದನ್ನೂ ಕಣ್ಣಾರೆ ಕಂಡವಳಲ್ಲ. ಆದರೂ ಇಂಗ್ಲೆಂಡಿನಲ್ಲಿ ಸಾಯುವ ತನಕ ಅವಳನ್ನು ಕರೆದದ್ದು ‘ಪ್ರಿನ್ಸೆಸ್ ಗೌರಮ್ಮ ಆಫ್ ಕೂರ್ಗ್’ ಎಂದೇ.

ಮಾಸ್ತಿಯವರ ‘ಚಿಕವೀರ ರಾಜೇಂದ್ರ’ದಲ್ಲಿ ಗೌರಮ್ಮ ರಾಣಿ ಅಲ್ವಾ? ನೀವು ಮಗಳು ಅಂತೀರಲ್ಲ?
— ಓದುಗ, ತುಮಕೂರು

ಕಾದಂಬರಿಯಲ್ಲಿ ರಾಣಿಯ ಹೆಸರು ಗೌರಮ್ಮ, ಹೌದು. ನಾನು ಹೇಳುತ್ತಿರುವುದು ಇತಿಹಾಸದ ಗೌರಮ್ಮನ ವಿಷಯ, ರಾಜನ ಮಗಳು. ಕಾದಂಬರಿಕಾರರಿಗೆ ಹೆಸರು ಇಡುವ ಸ್ವಾತಂತ್ರ್ಯ ಉಂಟು. ಟೀಚರಿಗೆ ಇಲ್ಲ.

ನಾನು ನಿವೃತ್ತ ಬ್ಯಾಂಕ್ ನೌಕರ. ರಾಜನಿಗೆ ಕಾಶಿಯಲ್ಲಿ ಪಿಂಚಣಿ ಬರುತ್ತಿತ್ತು ಎಂದ ಮೇಲೆ ಆ ಕಾಲದಲ್ಲಿ ಸಮುದ್ರ ದಾಟಿ ಲಂಡನ್ನಿಗೆ ಹೋಗುವ ದರ್ದು ಏನಿತ್ತು? ಅದೂ ಎಳೆ ಮಗುವನ್ನು ಕಟ್ಟಿಕೊಂಡು?
— ಹಾಸನ

ನಿಮ್ಮ ಪ್ರಶ್ನೆಯ ಉತ್ತರ ನಿಮ್ಮ ಕಸುಬಿನಲ್ಲೇ ಇದೆ ಸರ್. ಡೆಪಾಸಿಟ್ಟು!

ದೊಡ್ಡವೀರರಾಜೇಂದ್ರ ಟಿಪ್ಪುವಿನ ವಿರುದ್ಧ ಕಂಪನಿಯ ಜೊತೆ ನಿಂತವನು. ಅವನಿಗೆ ಗಂಡು ಮಕ್ಕಳಿರಲಿಲ್ಲ. ಮಗಳು ದೇವಮ್ಮಾಜಿಯನ್ನೇ ಪಟ್ಟಕ್ಕೆ ತರಬೇಕು ಅಂತ ಅವನ ಆಸೆ. ಲಕ್ಷಗಟ್ಟಲೆ ರೂಪಾಯಿಯನ್ನು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ. ಬಡ್ಡಿ ಬರುವಂಥದು. 1809ರಲ್ಲಿ ಅವನು ತೀರಿಕೊಂಡ. ತಮ್ಮ ಲಿಂಗರಾಜೇಂದ್ರ ಅಣ್ಣನ ಮಗಳನ್ನು ಬದಿಗೆ ಸರಿಸಿ ತಾನೇ ಗದ್ದುಗೆ ಏರಿದ. ಅವನ ಮಗನೇ ನಮ್ಮ ಚಿಕ್ಕವೀರರಾಜೇಂದ್ರ. ಗದ್ದುಗೆ ಕೈ ಬದಲಾದ ಹಾಗೆ ಬಡ್ಡಿಯೂ ಕೈ ಬದಲಾಯಿತು. 1834ರಲ್ಲಿ ರಾಜ್ಯದ ಜೊತೆ ಆ ಪತ್ರಗಳನ್ನೂ ಕಂಪನಿ ನುಂಗಿ ನೀರು ಕುಡಿಯಿತು.

ರಾಜನ ವಾದ ಸರಳ. ರಾಜ್ಯ ನೀವು ಗೆದ್ದುಕೊಂಡಿರಿ, ಆಯಿತು. ಆದರೆ ಆ ದುಡ್ಡು ನಮ್ಮ ಮನೆಯದು, ರಾಜ್ಯದ ಬೊಕ್ಕಸದ್ದಲ್ಲ, ವಾಪಸು ಕೊಡಿ ಅಂತ. ಅದನ್ನು ಲಂಡನ್ನಿನ ಕೋರ್ಟಿನಲ್ಲೇ ಕೇಳಬೇಕು ಅಂತ ಹಟ ಹಿಡಿದ. ಹೋಗಲು ಕಂಪನಿಯ ಸರ್ಕಾರದ ಅಪ್ಪಣೆ ಬೇಕು. ನಿಮ್ಮ ಮೇಲೇ ದಾವೆ ಹೂಡಲು ಬಿಡಿ ಎಂದರೆ ಬಿಡುತ್ತಾರಾ? ಅದಕ್ಕೆ ಒಂದು ಒಳ್ಳೆ ಕಾರಣ ಬೇಕಿತ್ತು. ಮಗಳಿಗೆ ಇಂಗ್ಲಿಷ್ ವಿದ್ಯೆ ಕೊಡಿಸಬೇಕು, ಕ್ರೈಸ್ತಳಾಗಿ ಬೆಳೆಸಬೇಕು ಎಂಬುದೇ ಆ ಕಾರಣ. ತಾನು ಮಾತ್ರ ಮತ ಬದಲಿಸಲಿಲ್ಲ. ನನಗೆ ಈ ಮನುಷ್ಯನ ಮೇಲೆ ಸಿಟ್ಟು ಬರುವುದು ಇಲ್ಲೇ. ಹಟ ತಪ್ಪಲ್ಲ. ಮಗಳನ್ನು ಟಿಕೇಟು ಮಾಡಿಕೊಂಡದ್ದು ತಪ್ಪು. ಗೌರಮ್ಮ ಅವನ ಮುದ್ದಿನ ಮಗಳಂತೆ. ಇರಬಹುದು. ಮುದ್ದಿನ ಮಗಳಾದ್ದರಿಂದಲೇ ಆ ಟಿಕೇಟಿಗೆ ಬೆಲೆ ಬಂತು.

ಕೇಸು ಏನಾಯಿತು ಅಂತ ನೀವು ಕೇಳೇ ಕೇಳುತ್ತೀರಿ. ಚಾನ್ಸರಿ ಕೋರ್ಟಿನಲ್ಲಿ ಎಳೆದಾಡಿತು. ರಾಜ 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ತೀರ್ಪು ಬಂದದ್ದು 1860ರಲ್ಲಿ. ಯುದ್ಧದಲ್ಲಿ ಪ್ರಭುತ್ವ ಮಾಡಿದ ಕೆಲಸ ಇದು, ಕೋರ್ಟು ಇದರಲ್ಲಿ ಕೈ ಹಾಕುವುದಿಲ್ಲ ಎಂದು ದಾವೆಯನ್ನು ವಜಾ ಮಾಡಿದರು. ಬಡ್ಡಿಯೂ ಇಲ್ಲ, ಅಸಲೂ ಇಲ್ಲ. ಕಾನೂನು ಓದುವವರು ಇವತ್ತಿಗೂ ಈ ಕೇಸಿನ ಹೆಸರು ಎತ್ತುತ್ತಾರೆ.

ಹನ್ನೊಂದು ವರ್ಷದ ಮಗುವನ್ನು ವಿಕ್ಟೋರಿಯಾ ರಾಣಿ ಅರಮನೆಯಲ್ಲೇ ಇಟ್ಟುಕೊಂಡು ಸಾಕಿದಳಾ? ಅಪ್ಪನ ಜೊತೆ ಇರಲು ಬಿಟ್ಟರಾ?
— ಗೃಹಿಣಿ, ಶಿವಮೊಗ್ಗ

ಸಾಕಲಿಲ್ಲ. ಬಿಡಲೂ ಇಲ್ಲ.

1852ರ ಬೇಸಿಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನ ಆಯಿತು. ಮಾಡಿಸಿದವರು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್. ಧರ್ಮಮಾತೆಯಾಗಿ ನಿಂತದ್ದು ಖುದ್ದು ರಾಣಿ. ತನ್ನ ಹೆಸರನ್ನೇ ಕೊಟ್ಟಳು. ವಿಕ್ಟೋರಿಯಾ ಗೌರಮ್ಮ. ಅದಾದ ಮೇಲೆ ಹುಡುಗಿಯನ್ನು ಮೇಜರ್ ಡ್ರಮ್ಮಂಡ್ ದಂಪತಿಯ ಮನೆಯಲ್ಲಿ ಇಟ್ಟರು. ಅಲ್ಲಿಂದ ಮುಂದೆ ಸರ್ ಜಾನ್ ಲೋಗಿನ್ ಮತ್ತು ಲೇಡಿ ಲೋಗಿನ್ ಕೈಗೆ. ಅಂದರೆ ದೊಡ್ಡವರ ಮನೆಯಲ್ಲಿ ಬೆಳೆದಳು, ತನ್ನ ಮನೆ ಅಂತ ಒಂದಿರಲಿಲ್ಲ. ಅಪ್ಪ ಅದೇ ಊರಲ್ಲಿ ಇದ್ದರೂ ಅವರಿಬ್ಬರ ಭೇಟಿಗೆ ಕಡಿವಾಣ ಹಾಕಿದರು. ಹಳೇ ಮತದ ಗಾಳಿ ಸೋಕೀತು ಎಂಬ ಭಯ. ಮಗಳನ್ನು ತೋರಿಸಿ ಲಂಡನ್ನಿಗೆ ಬಂದ ಅಪ್ಪನಿಗೆ ಮಗಳೇ ಕಣ್ಣಿಗೆ ಬೀಳದ ಹಾಗಾಯಿತು.

ಆ ವರ್ಷವೇ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಯುರೋಪಿನ ರಾಜಮನೆತನಗಳಿಗೆಲ್ಲ ಅವನೇ ಚಿತ್ರಗಾರ. ಆ ಚಿತ್ರದ ಪ್ರಿಂಟು ಒಂದನ್ನು ನಾನು ಕ್ಲಾಸಿಗೆ ಒಯ್ಯುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಇಷ್ಟು ಒಡವೆ ಹಾಕ್ಕೊಂಡು ಇವಳು ಯಾಕೆ ನಗ್ತಿಲ್ಲ?” ಅಂದ. ಇಡೀ ಕ್ಲಾಸು ನಕ್ಕಿತು. ನಾನು ಅವರಿಗೆ ಕೈ ನೋಡಿ ಅಂದೆ. ಮೈಮೇಲೆ ಭಾರತದ ಉಡುಗೆ, ಭಾರತದ ಒಡವೆ. ಕೈಯಲ್ಲಿ ಬೈಬಲ್. ಮತ ಬದಲಿಸಿದ ಮೇಲೂ ಉಡುಗೆಯನ್ನು ಮಾತ್ರ ಹಾಗೇ ಉಳಿಸಿ ನಿಲ್ಲಿಸಿದ್ದಾರೆ. ಗೌನು ತೊಡಿಸಿ ಬೈಬಲ್ ಕೊಟ್ಟಿದ್ದರೆ ಲಂಡನ್ನಿನ ಯಾವುದೋ ಹುಡುಗಿಯ ಹಾಗೆ ಕಾಣುತ್ತಿದ್ದಳು. ಸೀರೆಯ ಜೊತೆ ಬೈಬಲ್ ಇದ್ದರೆ ತಾನೇ ನೋಡಿದವರಿಗೆ, ಓಹೋ, ಎಲ್ಲಿಂದ ಎಲ್ಲಿಗೆ ತಂದಿದ್ದೇವೆ ಅಂತ ಅನ್ನಿಸುವುದು?

ಮರೊಚೆಟ್ಟಿ ಎಂಬ ಶಿಲ್ಪಿ ಅವಳ ಎದೆಮಟ್ಟದ ಅಮೃತಶಿಲೆಯ ಮೂರ್ತಿಯನ್ನೂ ಮಾಡಿದ. ಅದಕ್ಕೆ ಬಣ್ಣ ಹಚ್ಚಿದ್ದಾರೆ. ರಾಣಿಯ ಬೇಸಿಗೆ ಮನೆ ಆಸ್ಬರ್ನ್ ಹೌಸಿನಲ್ಲಿ ಅದು ಇದೆ. ಮಕ್ಕಳು ವಿದೇಶದಲ್ಲಿರುವ ಓದುಗರು ಆ ಕಡೆ ಹೋದರೆ ನೋಡಿ ಬನ್ನಿ.

ಪಂಜಾಬಿನ ದುಲೀಪ್ ಸಿಂಗನ ಜೊತೆ ಅವಳ ಮದುವೆ ಮಾತು ಆಗಿತ್ತಂತೆ. ನಿಜವೇ? ಯಾಕೆ ಮುರಿದುಬಿತ್ತು?
— ಓದುಗ, ಬೀದರ್

ನಿಜ. ಮಾತು ಎತ್ತಿದ್ದು ರಾಣಿಯೇ. ದುಲೀಪ್ ಸಿಂಗ್ ರಣಜಿತ್ ಸಿಂಗನ ಮಗ. 1849ರಲ್ಲಿ ಬ್ರಿಟಿಷರು ಪಂಜಾಬನ್ನು ಕಿತ್ತುಕೊಂಡಾಗ ಇನ್ನೂ ಹುಡುಗ. ಲೋಗಿನ್ ದಂಪತಿಯೇ ಅವನನ್ನೂ ನೋಡಿಕೊಂಡವರು. ಅವನೂ ಕ್ರೈಸ್ತನಾದ. 1854ರಲ್ಲಿ ಇಂಗ್ಲೆಂಡಿಗೆ ಬಂದ. ಅವನ ಚಿತ್ರವನ್ನೂ ಅದೇ ವಿಂಟರ್‌ಹಾಲ್ಟರ್ ಬರೆದ, ಮೂರ್ತಿಯನ್ನೂ ಅದೇ ಮರೊಚೆಟ್ಟಿ ಕೆತ್ತಿದ. ಇಬ್ಬರೂ ರಾಜ್ಯ ಕಳಕೊಂಡವರು, ಇಬ್ಬರೂ ಮತ ಬದಲಿಸಿದವರು, ವಯಸ್ಸಿನಲ್ಲಿ ಮೂರು ವರ್ಷ ಅಂತರ. ರಾಣಿಗೆ ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ? ಇವರ ಮಕ್ಕಳು ಕ್ರೈಸ್ತ ರಾಜವಂಶ ಆಗುತ್ತಾರೆ ಎಂಬ ಲೆಕ್ಕವೂ ಇತ್ತು.

ದುಲೀಪ್ ಒಪ್ಪಲಿಲ್ಲ. ಅವಳು ತನಗೆ ತಂಗಿಯ ಹಾಗೆ ಎಂದ. ಗೌರಮ್ಮನಿಗೆ ಏನನ್ನಿಸಿತ್ತು? ಇದನ್ನು ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ಅವಳ ಬಗ್ಗೆ ಬರೆದವರೆಲ್ಲ ಅವಳನ್ನು ನೋಡಿಕೊಂಡವರು, ಇಲ್ಲಾ ನೋಡಿಕೊಂಡವರ ಮನೆಯವರು. ಹುಡುಗಿ ಚಂಚಲೆ, ಓದಿನಲ್ಲಿ ಮನಸ್ಸಿಲ್ಲ, ಹುಡುಗರ ಕಡೆ ಗಮನ ಜಾಸ್ತಿ ಅಂತ ದೂರು. ಹದಿನಾರು ಹದಿನೇಳರ ಹುಡುಗಿಯರಿಗೆ ಪಾಠ ಮಾಡುತ್ತಲೇ ಕೂದಲು ಬೆಳ್ಳಗಾದ ನನಗೆ ಇದರಲ್ಲಿ ದೂರುವಂಥದು ಏನೂ ಕಾಣುವುದಿಲ್ಲ.

ಕ್ಷಮಿಸಿ ಟೀಚರ್, ನಿಮ್ಮ ಅನುಕಂಪ ಸ್ವಲ್ಪ ಜಾಸ್ತಿ ಆಯಿತು. ಸಾವಿರಾರು ಹೆಣ್ಣುಮಕ್ಕಳು ಅಕ್ಷರ ಕಾಣದ ಕಾಲದಲ್ಲಿ ಇವಳಿಗೆ ರಾಣಿಯೇ ಧರ್ಮಮಾತೆ, ಒಡವೆ, ಓದು, ಲಂಡನ್. ಕಾಶಿಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು?
— ಇಂಜಿನಿಯರ್, ದುಬೈ

ನೀವು ಹೀಗೆ ಕೇಳಿದ್ದು ಒಳ್ಳೆಯದಾಯಿತು. ಕಾಶಿಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಊಹಿಸಬೇಕಾಗಿಲ್ಲ. ಅವಳ ಸೋದರಿಯ ಕಥೆ ಇದೆ. ನೇಪಾಳದಲ್ಲಿ ಆಗ ಅಧಿಕಾರವೆಲ್ಲ ಜಂಗ್ ಬಹದ್ದೂರ್ ರಾಣಾನ ಕೈಯಲ್ಲಿ. ಅವನು 1850ರಲ್ಲಿ ಇಂಗ್ಲೆಂಡು, ಫ್ರಾನ್ಸು ನೋಡಿಕೊಂಡು ಹಿಂತಿರುಗುವಾಗ ಕಾಶಿಯಲ್ಲಿ ಇಳಿದ. ಚಿಕ್ಕವೀರರಾಜೇಂದ್ರನ ಇನ್ನೊಬ್ಬ ಮಗಳನ್ನು ಮದುವೆಯಾಗಿ ಕಠ್ಮಂಡುವಿಗೆ ಕರೆದುಕೊಂಡು ಹೋದ. ಅವನಿಗೆ ಅದಾಗಲೇ ಬೇರೆ ಹೆಂಡತಿಯರಿದ್ದರು. ಒಬ್ಬಳು ಕಠ್ಮಂಡುವಿಗೆ, ಒಬ್ಬಳು ಲಂಡನ್ನಿಗೆ. ಎರಡರಲ್ಲಿ ಯಾವುದು ಮೇಲು ಅಂತ ನನ್ನನ್ನು ಕೇಳಿದರೆ ಲಂಡನ್ನೇ ಅಂತೀನಿ. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ಒಪ್ಪದ್ದು ಇನ್ನೊಂದಿದೆ. ರಾಣಿಗೆ ಗೌರಮ್ಮನ ಮೇಲೆ ಇದ್ದ ಪ್ರೀತಿ ನಿಜವೇ ಇರಬಹುದು. ಆದರೆ ಗೌರಮ್ಮ ಒಬ್ಬಳೇ ಅಲ್ಲ. 1850ರಲ್ಲಿ ಪಶ್ಚಿಮ ಆಫ್ರಿಕಾದ ದಹೋಮಿಯ ದೊರೆ ಒಬ್ಬ ಪುಟ್ಟ ಹುಡುಗಿಯನ್ನು ಕ್ಯಾಪ್ಟನ್ ಫೋರ್ಬ್ಸ್ ಕೈಯಲ್ಲಿ ರಾಣಿಗೆ ಕಾಣಿಕೆಯಾಗಿ ಕಳಿಸಿದ. ಹೌದು, ಮಗುವನ್ನೇ. ಅವಳಿಗೆ ಸಾರಾ ಫೋರ್ಬ್ಸ್ ಬೊನೆಟ್ಟಾ ಎಂದು ಹೆಸರಿಟ್ಟರು. ಬೊನೆಟ್ಟಾ ಎಂಬುದು ಅವಳನ್ನು ಹತ್ತಿಸಿಕೊಂಡು ಬಂದ ಹಡಗಿನ ಹೆಸರು. ಅವಳ ಖರ್ಚನ್ನು ರಾಣಿ ನೋಡಿಕೊಂಡಳು. ಕೊಡಗಿನವಳು, ಪಂಜಾಬಿನವನು, ಆಫ್ರಿಕಾದವಳು, ಎಲ್ಲರಿಗೂ ಒಳ್ಳೆ ಬಟ್ಟೆ, ಒಳ್ಳೆ ಪಾಠ, ನಿಭಾಯಿಸಲು ಒಬ್ಬ ಅಧಿಕಾರಿ. ಅವರ ಊರು ಮಾತ್ರ ಅವರಿಗೆ ಇಲ್ಲ. ನೀವು ದುಬೈಗೆ ಹೋದಿರಿ, ಬೇಕೆಂದಾಗ ಬರುತ್ತೀರಿ. ನಿಮ್ಮ ಅಪ್ಪನನ್ನು ನೋಡಲು ನಿಮ್ಮ ಕಂಪನಿಯ ಅಪ್ಪಣೆ ಬೇಕಾದರೆ ಹೇಗಿರುತ್ತದೆ, ಸುಮ್ನೆ ಯೋಚಿಸಿ ನೋಡಿ.

ಕೊನೆಗೆ ಅವಳು ಯಾರನ್ನು ಮದುವೆಯಾದಳು? ಅಷ್ಟೊಂದು ಒಡವೆ ಏನಾಯಿತು?
— ಅತ್ತೆ ಸೊಸೆ ಇಬ್ಬರೂ ಸೇರಿ ಬರೆದ ಪತ್ರ, ಚನ್ನರಾಯಪಟ್ಟಣ

ಅತ್ತೆ ಸೊಸೆ ಒಟ್ಟಿಗೆ ಪತ್ರ ಬರೆದಿದ್ದೀರಿ, ಬಹಳ ಸಂತೋಷ. ಒಡವೆ ಪ್ರಶ್ನೆ ಯಾರದು ಅಂತ ಕೇಳುವುದಿಲ್ಲ.

1860ರಲ್ಲಿ ಲೆಫ್ಟಿನೆಂಟ್ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬುವರ ಜೊತೆ ಮದುವೆಯಾಯಿತು. ಅವರು ಲೇಡಿ ಲೋಗಿನ್‌ಳ ಸೋದರ. ಹೆಂಡತಿ ತೀರಿಕೊಂಡಿದ್ದಳು. ವಯಸ್ಸಿನಲ್ಲಿ ಗೌರಮ್ಮನಿಗಿಂತ ಮೂವತ್ತು ವರ್ಷದಷ್ಟು ದೊಡ್ಡವರು. ಅವಳಿಗೆ ಆಗ ಇನ್ನೂ ಹತ್ತೊಂಬತ್ತು. ಹುಡುಗಿಯ ಉಸ್ತುವಾರಿ ವಹಿಸಿದ್ದ ಮನೆಯವರೇ ಹುಡುಗನನ್ನೂ ಒದಗಿಸಿದರು ನೋಡಿ. ನಮ್ಮ ಕಡೆ ಇಂಥ ಸಂಬಂಧ ಕುದುರಿದರೆ ಅಕ್ಕಪಕ್ಕದವರು ಏನಂತ ಮಾತಾಡಿಕೊಳ್ಳುತ್ತಾರೆ ಅಂತ ನಿಮಗೇ ಗೊತ್ತು.

1861ರಲ್ಲಿ ಒಂದು ಹೆಣ್ಣು ಮಗು. ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್ ಅಂತ ಹೆಸರು. ಮಗಳಿಗೆ ತನ್ನ ಹೆಸರನ್ನೂ ಸೇರಿಸಿದ್ದಾಳೆ ಎಂಬುದು ನನಗೆ ಇಷ್ಟವಾದ ಸಂಗತಿ. ಗೌರಮ್ಮನಿಗೆ ಕ್ಷಯ ಹಿಡಿದಿತ್ತು. 1864ರಲ್ಲಿ ತೀರಿಕೊಂಡಳು. ಇಪ್ಪತ್ತೆರಡು ವರ್ಷ. ಅದೇ ವರ್ಷ ದುಲೀಪ್ ಸಿಂಗ್ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಬಂಬಾ ಮ್ಯೂಲರ್ ಎಂಬ ಹುಡುಗಿಯನ್ನು ಮದುವೆಯಾದ.

ಒಡವೆಗೆ ಬರೋಣ. ಕ್ಯಾಂಪ್‌ಬೆಲ್ ಕೆಲವು ವರ್ಷಗಳಲ್ಲಿ ಕಾಣೆಯಾದರು. ಮನೆಯಿಂದ ಹೊರಗೆ ಹೋದವರು ವಾಪಸು ಬರಲಿಲ್ಲ. ಒಡವೆಯೂ ಸಿಗಲಿಲ್ಲ. ಕೊಂಡುಹೋದರಾ, ಕೊಂದು ಕಿತ್ತುಕೊಂಡರಾ ಎಂಬುದು ಅಂದಿನಿಂದ ಇಂದಿನವರೆಗೆ ಊಹೆಯ ಮಾತೇ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಎಡಿತ್ ಬೆಳೆದಳು, ಮದುವೆಯಾದಳು, ಒಬ್ಬ ಮಗನನ್ನು ಹೆತ್ತಳು.

ಮಾನ್ಯರೇ, ನಮ್ಮ ಮುತ್ತಜ್ಜಿ ಹಾಲೇರಿ ಅರಮನೆಯ ಸಂಬಂಧಿ ಎಂದು ಮನೆಯಲ್ಲಿ ಹೇಳುತ್ತಾರೆ. ಗೌರಮ್ಮನಿಗೆ ನಾವು ಏನಾಗಬೇಕು ಎಂದು ತಾವು ಬರೆದು ಸಹಿ ಮಾಡಿ ಕೊಡುತ್ತೀರಾ?
— ಸೋಮವಾರಪೇಟೆ ತಾಲ್ಲೂಕು

ಇಲ್ಲ ಸ್ವಾಮಿ. ನನ್ನ ಸಹಿಗೆ ಪ್ರೋಗ್ರೆಸ್ ಕಾರ್ಡಿನ ಆಚೆ ಯಾವತ್ತೂ ಬೆಲೆ ಇರಲಿಲ್ಲ. ಮನೆಯಲ್ಲಿ ಹಳೇ ಕಾಗದ, ಜಮೀನಿನ ಸನ್ನದು, ಲಗ್ನಪತ್ರಿಕೆ ಏನಾದರೂ ಇದ್ದರೆ ಮೊದಲು ಒಂದು ಫೋಟೋ ತೆಗೆದು ಇಟ್ಟುಕೊಳ್ಳಿ. ನಮ್ಮ ಮಳೆಗೆ ಕಾಗದ ಉಳಿಯುವುದಿಲ್ಲ. ಹಾಲೇರಿ ಅರಸರ ದರ್ಬಾರಿನ ವ್ಯವಹಾರ ಕನ್ನಡದಲ್ಲಿ. ಅವರ ವಂಶದ ಚರಿತ್ರೆ ‘ರಾಜೇಂದ್ರನಾಮೆ’ಯೂ ಕನ್ನಡದಲ್ಲೇ ಇರುವುದು. ಹಾಗಾಗಿ ಕಾಗದ ಇದ್ದರೆ ಮೋಡಿ ಅಕ್ಷರ ಓದಲು ಬಲ್ಲವರ ಹತ್ತಿರ ತೋರಿಸಿ. ಯಾರಾದರೂ ದುಡ್ಡು ತಗೊಂಡು ವಂಶವೃಕ್ಷ ಬರೆದುಕೊಡುತ್ತೇನೆ ಎಂದರೆ ಬಾಗಿಲು ಹಾಕಿಕೊಳ್ಳಿ.

ರಜೆಗೆ ಮಕ್ಕಳನ್ನು ಕರೆದುಕೊಂಡು ಕೊಡಗಿಗೆ ಬರುತ್ತಿದ್ದೇವೆ. ಗೌರಮ್ಮನ ಕಥೆಗೆ ಸಂಬಂಧಪಟ್ಟ ಜಾಗ ಯಾವುದಾದರೂ ಇದೆಯೇ? ಮಡಿಕೇರಿ ಕೋಟೆ, ರಾಜಾಸೀಟ್ ನೋಡಿದ್ದಾಗಿದೆ.
— ದಾವಣಗೆರೆ

ಅವಳು ಕಾಲಿಟ್ಟ ಜಾಗ ಇಲ್ಲಿ ಇಲ್ಲ ಎಂದೆನಲ್ಲ. ಅವಳ ಕಥೆ ಶುರುವಾದ ಜಾಗ ಇದೆ. ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ. ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಿದ್ದು. ಅರಮನೆ ಎಂದರೆ ಮೈಸೂರಿನದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರಬೇಡಿ. ಎರಡು ಅಂತಸ್ತಿನ ಮನೆ, ಮರದ ಕಂಬ, ಕತ್ತಲೆ ಕೋಣೆಗಳು. ಮಕ್ಕಳಿಗೆ ಆ ಕತ್ತಲೆ ಕೋಣೆಗಳೇ ಇಷ್ಟ. ಎದುರಿಗೆ ಒಂದು ಪುಟ್ಟ ಮಂಟಪ. ದೊಡ್ಡವೀರರಾಜೇಂದ್ರ, ಮಹಾದೇವಮ್ಮಾಜಿ ಮದುವೆ 1796ರಲ್ಲಿ ಅಲ್ಲೇ ಆದದ್ದು. ಅವರ ಮಗಳೇ ದೇವಮ್ಮಾಜಿ. ಅಪ್ಪ ಸಾಲಪತ್ರ ತೆಗೆದು ಪಟ್ಟಕ್ಕೆ ತರಬೇಕೆಂದುಕೊಂಡಿದ್ದ ಮಗಳು. ಆ ದುಡ್ಡಿನ ಬೆನ್ನು ಹತ್ತಿಯೇ ತಾನೇ ಗೌರಮ್ಮ ಹಡಗು ಹತ್ತಿದ್ದು? 1834ರಲ್ಲಿ ಚಿಕ್ಕವೀರರಾಜೇಂದ್ರ ಕಡೆಗೆ ಅಡಗಿದ್ದೂ ಇದೇ ಮನೆಯಲ್ಲಿ ಅಂತ ಇಲ್ಲಿಯವರು ಹೇಳುತ್ತಾರೆ.

ಮಡಿಕೇರಿಯಿಂದ ಬೆಳಿಗ್ಗೆ ಬೇಗ ಹೊರಡಿ. ರಸ್ತೆ ತಿರುವು ಜಾಸ್ತಿ, ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ. ಮಳೆ ಶುರುವಾಗಿದ್ದರೆ ಜಿಗಣೆ ಹತ್ತುತ್ತದೆ. ಉಪ್ಪು ಒಂದು ಬಟ್ಟೆಯಲ್ಲಿ ಕಟ್ಟಿಕೊಂಡು ಬನ್ನಿ. ಕೈಯಲ್ಲಿ ಎಳೆದು ಕೀಳಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬೀಳುತ್ತದೆ.